ಹರಿದದ್ದು ನನಗ ಬಿಡ್ರಿ

ಕೌದಿ ಅಂದ್ರೆ ಏನು ಅಂತ ನಮ್ಮ ಆಫೀಸಿನಲ್ಲಿ ನಾನು ಹತ್ತು ಸಲವಾದರೂ ವಿವರಿಸಿದ್ದೇನೆ. "ಹಳೇ ಬಟ್ಟೆ ತುಂಡುಗಳನ್ನೆಲ್ಲಾ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ" ಅಂದರೆ, "ಓ, ಪ್ಯಾಚ್‌ವರ್ಕ್ ಕ್ವಿಲ್ಟಾ!" ಅನ್ನುತ್ತಾರೆ. ಪಾಪ, ಅವರ ಕಣ್ಣಿಗೆ ಬರುವುದು ಶೋರೂಮಿನ ಗಾಜಿನೊಳಗೆ ಮಡಚಿಟ್ಟ ಹಗುರ ಹೊದಿಕೆ. ನಮ್ಮ ಗದಗ ಕಡೆಯ ಕೌದಿಯನ್ನು ಒಮ್ಮೆ ಎತ್ತಿ ನೋಡಬೇಕು! ಚಳಿಗಾಲದಲ್ಲಿ ಹೊದ್ದರೆ ಮೈಮೇಲೆ ಯಾರೋ ಕೈ ಹಾಕಿ ಮಲಗಿದಷ್ಟು ಭಾರ. ದಸರೆಗೆ ಮುಂಚೆ ಮನೆ ಹಾಸಿಗೆ ಹೊದಿಕೆಯನ್ನೆಲ್ಲಾ ತೊಳೆಯುತ್ತಾರಲ್ಲ, ಆಗ ಒದ್ದೆ ಕೌದಿ ಹಿಂಡೋಕೆ ಎರಡೂ ತುದಿಗೆ ಒಬ್ಬೊಬ್ಬರು ನಿಲ್ಲಬೇಕು. ಒಬ್ಬರು ಎಡಕ್ಕೆ ತಿರುಚಿದರೆ ಇನ್ನೊಬ್ಬರು ಬಲಕ್ಕೆ. ನಾನೂ ಅಣ್ಣನೂ ಆ ಕೆಲಸದಲ್ಲಿ ಎಷ್ಟು ಸಲ ಜಗಳ ಆಡಿದ್ದೇವೋ ಲೆಕ್ಕವಿಲ್ಲ.

ಕೌದಿಗೆ ಮೂರು ಭಾಗ. ಕೆಳಗೆ ಒಂದು ಹಳೇ ನೂಲಿನ ಸೀರೆ. ನಮ್ಮ ಕಡೆ ಅದು ಬಹುತೇಕ ಇಳಕಲ್ ಸೀರೆಯ ಒಡಲು. ಇಳಕಲ್ ಸೀರೆ ನೇಯುವಾಗ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಸೋಲುತ್ತಿದ್ದದ್ದು ರೇಷ್ಮೆ. ಸೆರಗು ಪಿಸಿದು ಹೋದಮೇಲೂ ಒಡಲು ಗಟ್ಟಿಯಾಗೇ ಇರುತ್ತಿತ್ತು. ಅದು ಕೌದಿಗೆ ತಳ. ನಡುವೆ ಎರಡೋ ಮೂರೋ ಪದರ, ಇನ್ಯಾತಕ್ಕೂ ಬಾರದ ಬಟ್ಟೆ. ಹರಿದ ಧೋತರ, ಬನಿಯನ್ನು, ಲಂಗದ ಅರ್ಧ, ಟವೆಲ್ಲಿನ ಚೂರು. ಮೇಲೆ ಬಣ್ಣದ ತುಂಡುಗಳು. ಅಂಗಿ, ಸೀರೆ ಅಂಚು, ಗುಳೇದಗುಡ್ಡದ ಖಣ. ಇಷ್ಟನ್ನೂ ಒಟ್ಟಿಗೆ ಹಿಡಿಯುವುದು ಉದ್ದಕ್ಕೂ ಓಡುವ ಸಣ್ಣ ಟಾಕಿ. ಒಂದು ಸಾಲಿಗೂ ಇನ್ನೊಂದಕ್ಕೂ ಬೆರಳಗಲ ಅಂತರ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗೆರೆ ಇಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಸುಗ್ಗಿ ಮುಗಿದಮೇಲೆ ಗೊಂದಲಿಗರ ಹೆಣ್ಣುಮಕ್ಕಳು ಬರುತ್ತಿದ್ದರು. "ಕೌದಿ ಹೊಲಸೋರದೀರೇನ್ರೆವ್ವಾ..." ಅಂತ ಓಣಿಯ ಆ ತುದಿಯಲ್ಲಿ ಕೂಗಿದರೆ ಈ ತುದಿಯಲ್ಲಿ ಅವ್ವ ಗಂಟು ಬಿಚ್ಚುತ್ತಿದ್ದಳು. ಇಬ್ಬರು ಮೂವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹೊಲಿಯೋರು. ಕೂಲಿ ದುಡ್ಡು, ಒಂದಿಷ್ಟು ಜೋಳ, ಮಧ್ಯಾಹ್ನ ರೊಟ್ಟಿ ಪಲ್ಯ, ಮೇಲೊಂದು ಹಳೇ ಸೀರೆ. ಹೊಲಿಯುತ್ತಾ ಹೊಲಿಯುತ್ತಾ ಊರೂರಿನ ಸುದ್ದಿ. ಯಾವ ಊರಲ್ಲಿ ಯಾರ ಮಗಳು ತವರಿಗೆ ಬಂದಳು, ಯಾರ ಮನೆ ಪಾಲಾಯಿತು, ಎಲ್ಲಾ ನಮಗೆ ಪೇಪರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಎಷ್ಟೋ ವರ್ಷದಿಂದ ಅವರು ನಮ್ಮೂರ ಕಡೆ ಬಂದಿಲ್ಲ. ಸಂತೆಯಲ್ಲಿ ಕಡಿಮೆ ಬೆಲೆಗೆ ಮೆತ್ತಗಿನ ಬ್ಲ್ಯಾಂಕೆಟ್ ಸಿಗುವಾಗ ಕೌದಿಗೆ ಕೂಲಿ ಕೊಡುವವರು ಯಾರು?

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ...

ಹೋದ ವರ್ಷ ಶ್ರಾವಣದಲ್ಲಿ ಅಪ್ಪ ಹೋದರು. ಪ್ರೈಮರಿ ಶಾಲೆ ಮಾಸ್ತರರು. ಜೀವನಪೂರ್ತಿ ಬಿಳೀ ಧೋತರ, ಬಿಳೀ ನೆಹರೂ ಅಂಗಿ. ದಿನ ಎಲ್ಲಾ ಮುಗಿದಮೇಲೆ ಅವರ ಬಟ್ಟೆ ಏನು ಮಾಡೋದು ಅನ್ನೋ ಮಾತು ಬಂತು. ಕಾಕಾ, "ಹೋದವರ ಅರಿವಿ ಮನ್ಯಾಗ ಇಟ್ಕೋಬಾರದು, ಹೊಳಿಗೆ ಬಿಟ್ಟು ಬರೋಣು" ಅಂದರು. ಅಣ್ಣ, "ಹೊಳಿ ಯಾಕ ಹೊಲಸು ಮಾಡ್ತೀರಿ, ಯಾರಿಗರ ಕೊಟ್ರಾತು" ಅಂದ. ದನಿ ಸ್ವಲ್ಪ ಏರಿತು. ಅವ್ವ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ಆ ಹದಿಮೂರು ದಿನದಲ್ಲಿ ಅವಳು ಮಾತಾಡಿದ್ದೇ ಕಡಿಮೆ. ಒಳಗಿನ ಕೋಣೆಯಲ್ಲಿ ಮಲಗುವುದನ್ನೂ ಬಿಟ್ಟಿದ್ದಳು. ರಾತ್ರಿ ಎಚ್ಚರಾಗಿ ನೋಡಿದರೆ ಪಡಸಾಲೆಯಲ್ಲಿ ಕೂತಿರುತ್ತಿದ್ದಳು, ದೀಪವಿಲ್ಲದೆ.

ಆಗ ಅಂದಳು: "ಚೊಲೋ ಇದ್ದದ್ದು ಕೊಡ್ರಿ, ಉಡೋರು ಉಡಲಿ. ಹರಿದದ್ದು ನನಗ ಬಿಡ್ರಿ."

ಅಷ್ಟೇ. ಕಾಕಾನೂ ಸುಮ್ಮನಾದರು, ಅಣ್ಣನೂ ಸುಮ್ಮನಾದ. ಗಟ್ಟಿ ಇದ್ದ ಧೋತರ, ಅಂಗಿ, ಎರಡು ಸಲವೂ ಹಾಕದ ಒಂದು ಕೋಟು, ಎಲ್ಲಾ ನಮ್ಮ ಹೊಲದಲ್ಲಿ ದುಡಿಯುವವರ ಮನೆಗೆ ಹೋಯಿತು. ಉಳಿದದ್ದು ಏಳು ಹರಿದ ಧೋತರ, ತೂತು ಬಿದ್ದ ಬನಿಯನ್ನುಗಳು, ಎರಡು ಅಂಗಿ. ಆ ಎರಡು ಅಂಗಿಗಳ ಕಾಲರು ಸವೆದಾಗ ಅವ್ವ ಬಿಚ್ಚಿ ತಿರುವಿ ಹಾಕಿ ಮತ್ತೆ ಹೊಲಿದಿದ್ದಳು. ಹಿಂದಿನ ಮಾಸ್ತರ ಮನೆಯವರಿಗೆ ಈ ತಿರುವಿದ ಕಾಲರು ಗೊತ್ತಿರುತ್ತೆ ಬಿಡಿ!

ನನಗೆ ರಜೆ ಇತ್ತು, ಆಮೇಲೆ ಕೆಲವು ದಿನ ಮನೆಯಿಂದಲೇ ಕೆಲಸ. ಅವ್ವನ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಸೂಜಿಗೆ ದಾರ ಪೋಣಿಸೋದು ನನ್ನ ಪಾಲಿಗೆ. ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಸಂಜೆ ನಾನೂ ಒಂದು ಮೂಲೆಯಿಂದ ಟಾಕಿ ಹಾಕೋದು.

ಮೊದಲ ದಿನ ನಾನು ಕತ್ತರಿ ತಂದೆ. ಅವ್ವ ಬೇಡ ಅಂದಳು. ಅಂಚಿಗೆ ಸಣ್ಣದೊಂದು ಕಚ್ಚು ಕೊಟ್ಟು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಪರ್ರ್... ಅಂತ ಧೋತರ ಆ ತುದಿಯಿಂದ ಈ ತುದಿಗೆ ನೆಟ್ಟಗೆ ಸೀಳಿತು. ನೇಯ್ದ ನೂಲಿನ ಬಟ್ಟೆ ಹಾಗೇ, ಎಳೆ ಹಿಡಿದೇ ಹರಿಯುತ್ತೆ. ಕತ್ತರಿ ಸೊಟ್ಟ ಹೋಗಬಹುದು, ಎಳೆ ಸೊಟ್ಟ ಹೋಗಲ್ಲ. ಆದರೆ ಆ ಸದ್ದಿದೆಯಲ್ಲ, ಮೊದಲನೇ ಧೋತರದ ಸದ್ದು, ಅದನ್ನು ಕೇಳಿ ನಾವಿಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎರಡನೆಯದಕ್ಕೆ ಅವಳು, "ಇದು ಕಮತರ ಲಗ್ನದಾಗ ಆಯೇರಿ ಬಂದದ್ದು" ಅಂದಳು. ಮೂರನೆಯದಕ್ಕೆ ಇನ್ನೊಂದು ಕಥೆ. ಅಲ್ಲಿಂದ ಅವ್ವನ ಬಾಯಿ ಬಿಚ್ಚಿತು.

ನಡುವಿನ ಪದರಕ್ಕೆ ಧೋತರ ಸಾಲದೇ ಹೋದಾಗ ಟ್ರಂಕಿನ ತಳದಿಂದ ಒಂದು ಹಳೇ ಕೌದಿ ತೆಗೆದಳು. ಹಳೇ ಕೌದಿಯನ್ನೇ ಒಳಗಿಟ್ಟು ಅದರ ಮೇಲೆ ಹೊಸದು ಹೊಲಿಯುವುದು ನಮ್ಮಲ್ಲಿ ಇದ್ದದ್ದೇ. ನಾನು ಹುಟ್ಟೋಕೂ ಮುಂಚಿನದಂತೆ. ಒಂದು ಕಡೆ ಇಲಿ ಕಡಿದು ತೂತಾಗಿತ್ತು. ಆ ತೂತಿಗೆ ತೇಪೆ ಹಾಕೋಣ ಅಂತ ನಾನು ಬೆರಳು ಹಾಕಿ ಅಂಚು ಬಿಡಿಸಿದೆ. ಒಳಗೆ ತೆಳ್ಳಗಿನ ಹಳದಿ ಬಟ್ಟೆ ಕಂಡಿತು. ಇನ್ನಷ್ಟು ಬಿಡಿಸಿದರೆ ಒಂದು ಕುಂಚಿಗೆ. ಕೂಸಿನ ತಲೆಗೆ ಕಟ್ಟುತ್ತಾರಲ್ಲ, ಅದು. ಮಡಚದೆ, ಹರಿಯದೆ, ಇಡಿಯಾಗಿ ಹರವಿ ನಾಲ್ಕೂ ಕಡೆ ಟಾಕಿ ಹಾಕಿತ್ತು.

ಅವ್ವ ಕೈ ಚಾಚಿದಳು. ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ನಿಮ್ಮ ದೊಡ್ಡಣ್ಣಂದು. ಹನ್ನೊಂದು ತಿಂಗಳಿಗೆ ಜ್ವರ ಬಂದು ಹೋತಲ್ಲ, ಅದರದು. ಎಲ್ಲಾ ಅರಿವಿ ಹೊಳಿಗೆ ಬಿಟ್ಟು ಬಂದ್ರು. ಇದೊಂದು ನಿಮ್ಮಪ್ಪ ಕಿಸೇದಾಗ ಇಟ್ಕೊಂಡು ಬಂದಿದ್ರು. ಕೌದಿ ಹೊಲಿಯೋರು ಬಂದಾಗ ತಂದು ಕೊಟ್ರು, ಒಳಗ ಹಾಕಸು, ಯಾರಿಗೂ ಕಾಣೂದು ಬ್ಯಾಡ ಅಂತ."

ನಮಗಿಂತ ಮೊದಲು ಒಂದು ಗಂಡುಕೂಸು ಹುಟ್ಟಿ ಹೋಗಿತ್ತು ಅನ್ನೋದು ನನಗೂ ಅಣ್ಣನಿಗೂ ಗೊತ್ತಿತ್ತು, ಸಂಬಂಧಿಕರ ಬಾಯಿಂದ. ಮನೆಯಲ್ಲಿ ಅಪ್ಪನಾಗಲಿ ಅವ್ವನಾಗಲಿ ಆ ಮಾತು ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಪ್ಪ ಅಂದರೆ ಶಿಸ್ತು, ಮಗ್ಗಿ, ಸುಣ್ಣದಕಡ್ಡಿ. ಕಣ್ಣಲ್ಲಿ ನೀರು ಹಾಕಿದ್ದು ಕಂಡವರಿಲ್ಲ. ಅಂಥವರು ಎಷ್ಟೋ ವರ್ಷ ಆ ಕೌದಿ ಹೊದ್ದು ಮಲಗಿದ್ದರು.

"ಏನು ಮಾಡೂದವ್ವಾ ಇದನ್ನ?" ಅಂದೆ.

"ಏನು ಮಾಡೂದೈತಿ? ಅಲ್ಲೇ ಇಡು. ಮ್ಯಾಲ ಅವರ ಧೋತರ ಹಾಕು."

ಹಾಗೇ ಮಾಡಿದೆವು. ಕುಂಚಿಗೆ ಇದ್ದಲ್ಲೇ ಇಟ್ಟು, ತೂತು ಮುಚ್ಚಿ, ಅದರ ಮೇಲೆ ಅಪ್ಪನ ಧೋತರದ ಎರಡು ಪದರ. ಅದರ ಮೇಲೆ ಅವ್ವನ ಹಸಿರು ಸೀರೆ, ಖಣದ ಚೂರು, ನನ್ನ ಕಾಲೇಜಿನ ಚೂಡಿದಾರ, ಅಣ್ಣನ ಚೌಕುಳಿ ಅಂಗಿ. ಅಪ್ಪನ ಅಂಗಿಯ ಎದೆಯ ಕಿಸೆಯಲ್ಲಿ ನೀಲಿ ಶಾಯಿಯ ಕಲೆ ಇತ್ತು, ತೊಳೆದರೂ ಹೋಗದ್ದು. ಆ ಕಿಸೆಯನ್ನು ಬಿಚ್ಚದೆ ಇಡಿಯಾಗಿ ಒಂದು ಮೂಲೆಗೆ ಹೊಲಿದಳು. ಈಗ ಅಣ್ಣನ ಮಗಳು ಅದರಲ್ಲಿ ಚಾಕಲೇಟ್ ಕಾಗದ ಇಡುತ್ತಾಳೆ.

ಹೊಲಿಯುವ ದಿನಗಳಲ್ಲಿ ರಾತ್ರಿ ನೆಟ್‌ನಲ್ಲಿ ಕೌದಿ ಬಗ್ಗೆ ಹುಡುಕಿ ಓದುತ್ತಿದ್ದೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಹೀಗೇ ಹೊಲಿಯುತ್ತಾರೆ. ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ಆಫ್ರಿಕಾ ಮೂಲದ ಈ ಜನ ಕೂಡ ಅಂಚಿನಿಂದ ಶುರು ಮಾಡಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ತುಂಡು ಬಟ್ಟೆ ಮಡಚಿ 'ಫೂಲ' ಇಟ್ಟರೇನೇ ಅದು ಪೂರ್ತಿಯಾದ ಹಾಗೆ. ಅವರ ಕವಂದಿಗಳು 2011ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ ಗೋಡೆ ಏರಿದ್ದವು. ನೋಡಿ ಖುಷಿಯಾಯಿತು. ಮರುದಿನ ನಾವೂ ನಾಲ್ಕು ಮೂಲೆಗೆ ನಾಲ್ಕು ಫೂಲ ಇಟ್ಟೆವು!

ಇನ್ನೊಂದು ಓದಿದ್ದು ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಹೆಣ್ಣುಮಕ್ಕಳ ಬಗ್ಗೆ. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು. ಕಡುಬಡತನ. ಚಳಿಗೆ ಹಳೇ ಬಟ್ಟೆಯಲ್ಲಿ ಹೊದಿಕೆ ಹೊಲಿದುಕೊಳ್ಳುತ್ತಿದ್ದರು. ಆ ಹೊದಿಕೆಗಳನ್ನ 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. 2006ರಲ್ಲಿ ಅವುಗಳ ಅಂಚೆಚೀಟಿಯೂ ಬಂತು. ಅಲ್ಲಿನ ಮಿಸೂರಿ ಪೆಟ್‌ವೇ ಅನ್ನೋ ಹೆಂಗಸು 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವನು ಹೊಲದಲ್ಲಿ ದುಡಿಯುವಾಗ ಹಾಕುತ್ತಿದ್ದ ಬಟ್ಟೆಗಳನ್ನೇ ಸೇರಿಸಿ ಒಂದು ಹೊದಿಕೆ ಹೊಲಿದಳು. ಅವನ ನೆನಪಿಗೆ, ಹೊದ್ದುಕೊಂಡು ಮಲಗೋದಕ್ಕೆ. ಇದನ್ನು ಅವ್ವನಿಗೆ ಹೇಳಿದೆ. ಅವಳು ದಾರ ಹಲ್ಲಲ್ಲಿ ಕಡಿಯುತ್ತಾ, "ಮತ್ತ? ಬ್ಯಾರೆ ಏನು ಮಾಡ್ತಾಳವಾ ಆಕಿ?" ಅಂದಳು. ಅಲಬಾಮಾ ಅವಳಿಗೆ ನರಗುಂದದಷ್ಟೇ ಹತ್ತಿರ ಇದ್ದಹಾಗಿತ್ತು.

ಮೂರು ವಾರ ಹಿಡಿಯಿತು. ಮುಗಿದ ದಿನ ಅವ್ವ ಅದನ್ನು ಮಡಚಿ ಟ್ರಂಕಿಗೆ ಹಾಕಲಿಲ್ಲ. ಒಳಗಿನ ಕೋಣೆಯಲ್ಲಿ ಹಾಸಿಗೆ ಬಿಚ್ಚಿ, ಕೌದಿ ಹೊದ್ದು, ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬೆಳಿಗ್ಗೆ ಹಾಲಿನವನು ಬಂದು ಕೂಗುವವರೆಗೂ ಎದ್ದಿರಲಿಲ್ಲ.

ಈಗ ಅಣ್ಣ, "ನಿನ್ನ ನಂತರ ಇದು ನನಗ" ಅನ್ನುತ್ತಾನೆ. ನಾನೂ ಅದನ್ನೇ ಅನ್ನುತ್ತೇನೆ. ಅವ್ವ ತೀರ್ಪು ಕೊಟ್ಟಾಗಿದೆ: "ಹರಿದ ಮ್ಯಾಲ ಅದರ ಮ್ಯಾಲ ಇನ್ನೊಂದು ಹೊಲೀರಿ. ಯಾರು ಹೊಲೀತೀರಿ ಅವರಿಗೆ." ಅಣ್ಣ ಈಗ ಸೂಜಿ ಹಿಡಿಯೋದು ಕಲೀಬೇಕು, ಅಷ್ಟೇ!

ನಿಮ್ಮ ಕಡೆ ಇದಕ್ಕೆ ಏನಂತಾರೆ? ಮರಾಠಿಯಲ್ಲಿ ಗೋಧಡಿ ಅಂತಾರೆ, ಬಂಗಾಳದಲ್ಲಿ ಕಾಂಥಾ. ಮಲೆನಾಡು, ಕರಾವಳಿ, ಹಳೇ ಮೈಸೂರು ಕಡೆಯವರು ಹೇಳಿ. ಹಾಗೇ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿ ಹಳೇ ಕೌದಿ ಏನಾದ್ರೂ ಸಿಕ್ಕರೆ, ಎಸೆಯೋ ಮುಂಚೆ ಒಮ್ಮೆ ಒಳಗಿನ ಪದರದ ಮೇಲೆ ಬೆರಳಾಡಿಸಿ ನೋಡಿ. ಮನೆಯಲ್ಲಿ ಹಿರಿಯರು ಯಾರಾದ್ರೂ ಇದ್ದರೆ, ಅದರ ಒಳಗೆ ಏನಿದೆ ಅಂತ ಈಗಲೇ ಕೇಳಿ ಇಟ್ಟುಕೊಳ್ಳಿ.