80 ಕೆಜಿ ಪ್ರಶ್ನೆ

ಫೈರ್ ಸರ್ವಿಸ್‌ಗೆ ಹುಡುಗಿಯರು ಸೇರಬಹುದಾ ಅಂತ ಮಾತು ಬಂದ್ರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “80 ಕೆಜಿ ಮನುಷ್ಯನ್ನ ಹೊತ್ಕೊಂಡು ಬರೋಕಾಗುತ್ತಾ?” ನನ್ನನ್ನ ಹೀಗೆ ಕೇಳಿದ ಗೆಳೆಯ ಲಿಫ್ಟ್ ಕೆಟ್ಟ ದಿನ ನಾಲ್ಕನೇ ಮಹಡಿಯ ಲ್ಯಾಬ್‌ಗೇ ಬರಲ್ಲ, ಅದು ಬೇರೆ ವಿಷಯ. ಆದ್ರೆ ಪ್ರಶ್ನೆಯಲ್ಲಿ ಹುರುಳಿದೆ. ಬೂಟು, ಕೋಟು, ಹೆಲ್ಮೆಟ್, ಬೆನ್ನ ಮೇಲಿನ ಗಾಳಿ ಸಿಲಿಂಡರ್ ಎಲ್ಲ ಸೇರಿ ಸುಮಾರು 20 ಕೆಜಿ ಆಗುತ್ತೆ. ಅದನ್ನ ಹೊತ್ತು ಹೊಗೆ ತುಂಬಿದ ಮೆಟ್ಟಿಲು ಹತ್ತಬೇಕು. ಶಕ್ತಿ ಬೇಕೇ ಬೇಕು, ಒಪ್ಪಿದೆ. ಅದನ್ನ ಅಳೆಯೋದು ಹೇಗೆ ಅನ್ನೋದೇ ನನ್ನ ತಕರಾರು.

ನ್ಯೂಯಾರ್ಕ್ ಅಗ್ನಿಶಾಮಕ ದಳ 1977ರಲ್ಲಿ ಮೊದಲ ಸಲ ಹೆಂಗಸರಿಗೂ ಪರೀಕ್ಷೆ ಬರೆಯೋಕೆ ಬಿಟ್ಟಿತು. ಲಿಖಿತ ಪರೀಕ್ಷೆಯಲ್ಲಿ ಹಲವರು ಪಾಸಾದ್ರು. ದೈಹಿಕ ಪರೀಕ್ಷೆಯಲ್ಲಿ ಒಬ್ಬರೂ ಇಲ್ಲ. ಫೇಲಾದವರಲ್ಲಿ ಬ್ರೆಂಡಾ ಬರ್ಕ್‌ಮನ್ ಅನ್ನೋ ಕಾನೂನು ವಿದ್ಯಾರ್ಥಿನಿ ಇದ್ದರು. ಅವರು ನಗರಾಡಳಿತದ ಮೇಲೇ ಕೇಸು ಹಾಕಿದ್ರು. ಈ ಪರೀಕ್ಷೆಗೂ ಬೆಂಕಿ ಆರಿಸೋ ಕೆಲಸಕ್ಕೂ ಏನು ಸಂಬಂಧ, ತೋರಿಸಿ ಅನ್ನೋದು ವಾದ. ತೋರಿಸೋಕೆ ಆಗಲಿಲ್ಲ! 1982ರಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು, ಹೊಸ ಪರೀಕ್ಷೆ ಬಂತು, ಅದೇ ವರ್ಷ ಸುಮಾರು 40 ಮಹಿಳೆಯರು ಕೆಲಸಕ್ಕೆ ಸೇರಿದ್ರು.

ನಮ್ಮ ಲ್ಯಾಬ್‌ನಲ್ಲಿ ಕರೆಂಟ್ ಅಳೀಬೇಕಾದ ಕಡೆ ವೋಲ್ಟ್‌ಮೀಟರ್ ಹಾಕಿದ್ರೂ ಮುಳ್ಳು ಎಲ್ಲೋ ಒಂದು ಕಡೆ ನಿಲ್ಲುತ್ತೆ. ರೆಕಾರ್ಡ್ ಬುಕ್ಕಲ್ಲಿ ನೀಟಾಗಿ ಬರೀಲೂಬಹುದು. ಅದು ಕರೆಂಟ್ ಅಲ್ಲ, ಅಷ್ಟೆ.

ಸೇರಿದ ಮೇಲೂ ಬರ್ಕ್‌ಮನ್‌ಗೆ ನೆಮ್ಮದಿ ಇರಲಿಲ್ಲ. ಪ್ರೊಬೇಷನ್ ಮುಗಿಯೋ ಹೊತ್ತಿಗೆ ಕೆಲಸದಿಂದ ತೆಗೆದ್ರು, ಕೋರ್ಟು ವಾಪಸ್ ಸೇರಿಸಿತು. 2006ರಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದರು.

ನಮ್ಮ ದೇಶದಲ್ಲಿ ಅಡ್ಡಿ ಇನ್ನೂ ಸಾದಾ. ನಾಗ್ಪುರದ ನ್ಯಾಷನಲ್ ಫೈರ್ ಸರ್ವಿಸ್ ಕಾಲೇಜಿನ ಆರಂಭ 1956ರಲ್ಲಿ. ಅಲ್ಲಿಗೆ ಮೊದಲ ವಿದ್ಯಾರ್ಥಿನಿಯಾಗಿ ಹರ್ಷಿಣಿ ಕಾನ್ಹೇಕರ್ ಸೇರಿದ್ದು 2002ರಲ್ಲಿ. 46 ವರ್ಷ! ಅಲ್ಲೇ ಉಳಿದು ಓದಬೇಕಾದ, ಗಂಡುಹುಡುಗರದ್ದೇ ಆಗಿದ್ದ ಕ್ಯಾಂಪಸ್ ಅದು. ಅವರು ನಾಗ್ಪುರದವರೇ ಆಗಿದ್ದಕ್ಕೆ ಮನೆಯಿಂದ ಓಡಾಡೋಕೆ ವಿಶೇಷ ಅನುಮತಿ ಸಿಕ್ಕಿತು. ಕಲಬುರಗಿಯಿಂದಲೋ ಕಾರವಾರದಿಂದಲೋ ಹೋದ ಹುಡುಗಿ ಆಗಿದ್ದಿದ್ರೆ? 80 ಕೆಜಿ ಎತ್ತೋ ತಾಕತ್ತಿದ್ರೂ ಒಂದು ರೂಮ್ ಇಲ್ಲ ಅಂತ ವಾಪಸ್ ಬರಬೇಕಿತ್ತೇನೋ. ಮುಂದೆ ಅವರು ಓಎನ್‌ಜಿಸಿಯಲ್ಲಿ ಫೈರ್ ಎಂಜಿನಿಯರ್ ಆದರು.

ಇದೆಲ್ಲ ಈಗ ಯಾಕೆ ಅಂದ್ರೆ, ಕಳೆದ ಸೆಮ್‌ನಲ್ಲಿ ನಮ್ಮ ಬ್ಲಾಕ್‌ನಲ್ಲಿ ಫೈರ್ ಡ್ರಿಲ್ ಆಯ್ತು. ಟ್ರೈನರ್ ಬಂದವರೇ “ಬಾಯ್ಸ್ ನಾಲ್ಕು ಜನ ಮುಂದೆ ಬನ್ನಿ” ಅಂದ್ರು. ಪಿನ್ ಎಳೆಯೋದು, ಬೆಂಕಿಯ ಬುಡಕ್ಕೆ ಗುರಿ ಇಡೋದು, ಹಿಡಿ ಒತ್ತೋದು, ಆ ಕಡೆಯಿಂದ ಈ ಕಡೆಗೆ ಆಡಿಸೋದು. ಇದಕ್ಕೆ ಯಾವ ತೋಳ್ಬಲ ಬೇಕು ಹೇಳಿ? ನಾನೂ ನನ್ನ ರೂಮ್‌ಮೇಟೂ ನಮಗೂ ಕೊಡಿ ಅಂತ ಕೇಳೋ ಹೊತ್ತಿಗೆ ಸಿಲಿಂಡರ್ ಖಾಲಿ.

ಲೇಡೀಸ್ ಹಾಸ್ಟೆಲ್‌ನ ಪ್ರತಿ ಕಾರಿಡಾರ್‌ನಲ್ಲೂ ಅಂಥದ್ದೇ ಕೆಂಪು ಸಿಲಿಂಡರ್ ನೇತಾಡ್ತಿದೆ. ನಮ್ಮ ಮಹಡಿಯಲ್ಲಿ ಅದರ ಪಿನ್ ಎಳೆದು ನೋಡಿದವರು ಒಬ್ಬರೂ ಇಲ್ಲ, ಎಲ್ಲರನ್ನೂ ಕೇಳಿದೆ. ರಾತ್ರಿ ಎರಡು ಗಂಟೆಗೆ ಯಾರದೋ ಕೆಟಲ್‌ನಿಂದ ಬೆಂಕಿ ಹತ್ತಿದ್ರೆ ಆ ನಾಲ್ಕು ಬಾಯ್ಸ್ ಎಲ್ಲಿರ್ತಾರೆ? ಗೇಟಿನ ಆಚೆ. ವಾರ್ಡನ್ ಮೇಡಂ ಒಳಗೇ ಬಿಡಲ್ಲ.

ವಾರ್ಡನ್ ಮೇಡಂ ಹತ್ರಾನೇ ಹೋಗಿ, ಹಾಸ್ಟೆಲ್‌ಗೇ ಒಂದು ಡ್ರಿಲ್ ಬೇಕು, ಎಲ್ಲರ ಕೈಗೂ ಸಿಲಿಂಡರ್ ಸಿಗಬೇಕು ಅಂತ ಕೇಳಿದೀವಿ. ಹೆಸರು ಕೊಡಿ ಅಂದಿದ್ದಾರೆ. ಇದುವರೆಗೆ 11 ಹೆಸರು ಬಂದಿದೆ. ಲಿಸ್ಟ್ ಎರಡನೇ ಮಹಡಿಯ ನೋಟಿಸ್ ಬೋರ್ಡ್‌ನಲ್ಲಿದೆ, ಪೆನ್ನು ನೀವೇ ತನ್ನಿ.