ಅಂಕೋಲೆಯ ಗದ್ದೆಯಂಚಿನಲ್ಲಿ ಒಂದು ಫಾಲ್ಗುಣ

ಶಿವರಾತ್ರಿ ಸಮೀಪಿಸಿತೆಂದರೆ ನಮ್ಮ ಧಾರವಾಡ ಸೀಮೆಯಲ್ಲಿ ಹಿತ್ತಿಲು ಬಡವಾಗುವ ಕಾಲ. ಎರೆಯ ಹೊಲದಲ್ಲಿ ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ, ಕಡಲೆಯನ್ನು ಕಿತ್ತು ಒಟ್ಟಿರುತ್ತಾರೆ, ಕುಸುಬೆಯ ಮುಳ್ಳು ಒಣಗಿ ಕೈಗೆ ಚುಚ್ಚುತ್ತದೆ. ಆದರೆ ಮನೆಯ ಹಿಂದೆ ಉಳಿಯುವ ಹಸಿರು ಬಚ್ಚಲ ನೀರಿಗೆ ಬದುಕಿದ ಎರಡು ಬಾಳೆ, ಒಂದು ಕರಿಬೇವು, ಗೋಡೆಯಾಚೆಗೆ ಬಾಗಿದ ನುಗ್ಗೆ, ಇಷ್ಟೇ. ವಸಂತವೆಂದರೆ ನಮಗೆ ಬೇವಿನ ಚಿಗುರು, ಮಾವಿನ ಹೂವು. ಅದು ತಲೆಯೆತ್ತಿ ನೋಡುವ ಋತು, ಬಗ್ಗಿ ಬೀಜ ಹಾಕುವ ಋತುವಲ್ಲ. ಆದುದರಿಂದ ಕಳೆದ ಮಾಘದಲ್ಲಿ ಘಟ್ಟವಿಳಿದು ಅಂಕೋಲೆಗೆ ಹೋದಾಗ, ಅದೇ ದಿನಗಳಲ್ಲಿ ಅಲ್ಲಿಯ ಜನ ಗದ್ದೆಗಳಲ್ಲಿ ಹರಿವೆಯ ಮಡಿ ಮಾಡುತ್ತಿದ್ದುದನ್ನು ಕಂಡು ನನಗೆ ಬೇರೊಂದು ದೇಶಕ್ಕೆ ಬಂದಂತಾಯಿತು.

ಬೇರೆ ದೇಶವೇನಲ್ಲ, ಹುಬ್ಬಳ್ಳಿಯಿಂದ 130 ಕಿಲೋಮೀಟರಿಗೆ ತುಸು ಮೀರಿದ ದಾರಿ. ಕಲಘಟಗಿ ದಾಟಿದರೆ ಭತ್ತದ ಗದ್ದೆ, ಯಲ್ಲಾಪುರ ಮುಟ್ಟಿದರೆ ಅಡಿಕೆಯ ತಂಪು, ಅರಬೈಲು ಘಟ್ಟದ ತಿರುವುಗಳನ್ನು ಇಳಿದು ಮುಗಿಸುವಷ್ಟರಲ್ಲಿ ಮೈಗೆ ಬೆವರು ಅಂಟಿಕೊಳ್ಳುತ್ತದೆ. ನೀರಿನ ದಾರಿಯೂ ಹೆಚ್ಚುಕಡಿಮೆ ಇದೇ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯ ಹರಿವನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರು ಹೊತ್ತು ಈ ತಾಲೂಕಿನಲ್ಲಿಯೇ ಕಡಲನ್ನು ಕೂಡುತ್ತದೆ. ನಮ್ಮೂರ ಮಳೆಯ ಒಂದಷ್ಟು ಪಾಲು ಇಲ್ಲಿಗೆ ನಮಗಿಂತ ಮುಂಚೆ ಬಂದು ಮುಟ್ಟಿರುತ್ತದೆಯೆಂದು ಮಗಳಿಗೆ ಹೇಳಿದೆ. ಅವಳು ಅಲ್ಲಿಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳ ಬಾಣಂತನಕ್ಕೆಂದು ನಾನು ಎರಡು ತಿಂಗಳು ಅಲ್ಲಿ ಉಳಿದೆ.

ಬಾಡಿಗೆಯ ಮನೆ ಊರಿನ ಹೊರಭಾಗದಲ್ಲಿ. ಹಿಂಬಾಗಿಲು ತೆರೆದರೆ ತೆಂಗಿನ ಸಾಲು, ಅದರಾಚೆ ನಾಲ್ಕು ಮನೆತನಗಳ ಗದ್ದೆ, ಗದ್ದೆಯ ಕೊನೆಗೆ ಮಣ್ಣಿನ ಒಡ್ಡು, ಒಡ್ಡಿನ ಆಚೆ ಭರತದಲ್ಲಿ ತುಂಬಿ ಇಳಿತದಲ್ಲಿ ಬರಿದಾಗುವ ಉಪ್ಪುನೀರಿನ ಹಳ್ಳ. ಮಳೆಗಾಲದಲ್ಲಿ ಇಲ್ಲಿ ಬೀಳುವ ಮಳೆ 3000 ಮಿಲಿಮೀಟರಿಗೂ ಹೆಚ್ಚು. ಭತ್ತ ಕೊಯ್ದ ಮೇಲೂ ಮಣ್ಣಿನೊಳಗೆ ತೇವ ಉಳಿದಿರುತ್ತದೆ. ಗದ್ದೆಯ ಮೂಲೆಯಲ್ಲಿ ಆಳೆತ್ತರ ತೋಡಿದರೆ ನೀರು. ಆ ತೇವವನ್ನು ನಂಬಿ ಹಾಲಕ್ಕಿ ಒಕ್ಕಲಿಗರೂ ಅವರ ನೆರೆಯವರೂ ತಲೆತಲಾಂತರದಿಂದ ತರಕಾರಿ ಬೆಳೆಯುತ್ತ ಬಂದಿದ್ದಾರೆ. ಮೊದಲ ಬಿತ್ತನೆ ಕಾರ್ತಿಕ ಮುಗಿಯುತ್ತಲೇ ಆಗುತ್ತದೆ. ಮಾಘ ಫಾಲ್ಗುಣದಲ್ಲಿ ಎರಡನೆಯ ಸುತ್ತು, ಅಂದರೆ ಬೇಸಿಗೆಯನ್ನು ದಾಟಿಸುವ ಬೆಳೆ.

ಪಕ್ಕದ ಮನೆಯ ಅಜ್ಜಿ ಆ ಸುತ್ತನ್ನು ನನಗೆ ಕೈಯಲ್ಲಿ ಹಿಡಿದು ತೋರಿಸಿದಳು. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದು. ಹಾಗೆಯೇ ಚೆಲ್ಲಿದರೆ ಒಂದೇ ಕಡೆ ಗುಂಪಾಗುತ್ತದೆ. ಬೂದಿಯಲ್ಲಿ ಕಲಸಿ ಚೆಲ್ಲಬೇಕು. ಬೂದಿ ಬಿದ್ದ ಜಾಗ ಬೆಳ್ಳಗೆ ಕಾಣುವುದರಿಂದ ಎಲ್ಲಿ ಹಾಕಿದೆವು, ಎಲ್ಲಿ ಬಿಟ್ಟೆವು ಎಂಬುದು ಕಣ್ಣಿಗೆ ತಿಳಿಯುತ್ತದೆ, ಇರುವೆಯ ಕಾಟವೂ ಕಡಿಮೆ. ನಾಲ್ಕೈದು ವಾರಕ್ಕೆ ಬೇರುಸಹಿತ ಕಿತ್ತು ಸೂಡು ಕಟ್ಟಿ ಪೇಟೆಗೆ ಒಯ್ಯುತ್ತಾರೆ. ಮೊಗೆಕಾಯಿಗೆ ಗುಳಿ ತೋಡಿ, ಕೊಟ್ಟಿಗೆಯ ಗೊಬ್ಬರ ತುಂಬಿ, ಮೂರು ನಾಲ್ಕು ಬೀಜ ಊರುತ್ತಾರೆ. ಬಳ್ಳಿ ಹಬ್ಬುವ ಕಡೆಯೆಲ್ಲ ಕಾಡಿನಿಂದ ಗುಡಿಸಿ ತಂದ ದರಕು, ಎಂದರೆ ಒಣಗಿದ ಎಲೆ, ಹಾಸುತ್ತಾರೆ. ಇಲ್ಲವಾದರೆ ಕಾದ ಮರಳು ಕಾಯಿಯ ಹೊಟ್ಟೆಯನ್ನು ಬೇಯಿಸಿಬಿಡುತ್ತದೆ. ಬಲಿತ ಮೊಗೆಕಾಯಿಯನ್ನು ತೆಂಗಿನ ಗರಿಯ ಸೀಳಿನಲ್ಲಿ ಕಟ್ಟಿ ಮಾಡಿಗೆ ತೂಗಿಬಿಟ್ಟರೆ ಮಳೆಗಾಲದ ಸಾಂಬಾರಿಗೆ ಚಿಂತೆಯಿಲ್ಲ. ಅಜ್ಜಿಯ ಮಾಡಿನಲ್ಲಿ ಹೋದ ವರ್ಷದ್ದೊಂದು ಇನ್ನೂ ತೂಗುತ್ತಿತ್ತು, ಬೀಜಕ್ಕೆಂದು. ಆ ಬೀಜವನ್ನು ಸಗಣಿಯಲ್ಲಿ ಬೆರೆಸಿ ಗೋಡೆಗೆ ತಟ್ಟಿದ ಬಿಲ್ಲೆಗಳು ಅಡಿಗೆಮನೆಯ ಹೊಗೆಗೆ ಕಪ್ಪಾಗಿದ್ದವು. ಹೀರೆಯ ಬೀಜ ಮಾತ್ರ ತನ್ನ ಒಣಗಿದ ಕಾಯಿಯೊಳಗೇ ಇರುತ್ತದೆ, ಅಲ್ಲಾಡಿಸಿದರೆ ಗಿಲಕಿಯ ಸದ್ದು.

ನಮ್ಮ ಕಡೆಯ ಓದುಗರಿಗೆ ಇನ್ನೊಂದು ಸಂಗತಿ ಹೇಳಬೇಕು. ನಾವು ಮೀನು ಮಾಂಸ ಮುಟ್ಟುವವರಲ್ಲವೆಂದು ತಿಳಿದ ಮಾರನೆಯ ದಿನದಿಂದ, ಮೀನಿನ ಬುಟ್ಟಿಯವಳು ಬರುವ ಮೊದಲೇ ನಮ್ಮ ಪಾಲಿನ ಸೊಪ್ಪನ್ನು ಅಜ್ಜಿ ನಮ್ಮ ಜಗಲಿಯ ಮೇಲಿಟ್ಟು ಹೋಗುತ್ತಿದ್ದಳು. ಯಾರೂ ಆ ವಿಷಯ ಎತ್ತಿ ಆಡಲಿಲ್ಲ. ನಾನು ಅವಳ ಬುಟ್ಟಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟು ಹಿಂದಿರುಗಿಸುತ್ತಿದ್ದೆ. ರೊಟ್ಟಿ ಅವಳ ಹಲ್ಲಿಗೆ ಒಗ್ಗಲಿಲ್ಲ. ಕುಚ್ಚಲಕ್ಕಿಯ ಗಂಜಿಯಲ್ಲಿ ಮುರಿದು ಹಾಕಿಕೊಂಡು ತಿಂದಳಂತೆ. ಚಟ್ನಿಪುಡಿ ಮಾತ್ರ ಮತ್ತೆ ಕೇಳಿ ಪಡೆದಳು.

ಇಲ್ಲಿಯ ತೋಟಗಾರಿಕೆಯನ್ನು ದೂರದಿಂದ ನೋಡಿ ಹೊಗಳುವವರು ಒಮ್ಮೆ ನೀರಿನ ಕೊಡ ಹೊತ್ತು ನೋಡಬೇಕು. ಎರಡು ಕೈಯಲ್ಲಿ ಎರಡು ಕೊಡ. ಗುಂಡಿಯ ಮೆಟ್ಟಿಲಿಳಿದು ಮುಳುಗಿಸಿ, ಮೇಲೆ ಬಂದು, ಮಡಿಯ ಮೇಲೆ ಅಂಗೈ ಅಡ್ಡ ಹಿಡಿದು ಮಳೆಯಂತೆ ಚಿಮುಕಿಸಬೇಕು. ಧಾರೆಯಾಗಿ ಸುರಿದರೆ ಸಸಿ ಕಿತ್ತು ಹೋಗುತ್ತದೆ. ಒಂದು ಬೆಳಗ್ಗೆ ಎಣಿಸಿದೆ: ಅಜ್ಜಿಯ ಸೊಸೆ ಅರುವತ್ತು ಸಲ ಇಳಿದು ಹತ್ತಿದಳು. ಸಂಜೆಗೆ ಮತ್ತೆ ಅಷ್ಟೇ. ಈ ಕೆಲಸ ಬಹುಮಟ್ಟಿಗೆ ಹೆಂಗಸರದು. ಪೇಟೆಯಲ್ಲಿ ಕುಳಿತು ಮಾರುವುದೂ ಅವರದೇ.

ಈ ಸೀಮೆಯ ಇಬ್ಬರು ಹಾಲಕ್ಕಿ ಹೆಂಗಸರ ಹೆಸರನ್ನು ನಾಡು ಬಲ್ಲದು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನ ಕಣಜವಾಗಿದ್ದರು. ಸಾರಾಯಿಯ ವಿರುದ್ಧವೂ ನಿಂತವರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಕೂಲಿಯಾಗಿ ಸೇರಿ, ಯಾವ ಮರದ ಬೀಜ ಯಾವಾಗ ಆಯಬೇಕು, ಹೇಗೆ ಮೊಳಕೆ ತರಿಸಬೇಕು ಎಂಬುದರಲ್ಲಿ ಓದಿದವರಿಗೂ ಮೀರಿದ ತಿಳಿವಳಿಕೆ ಪಡೆದವರು. 2021ರಲ್ಲಿ ಬರಿಗಾಲಿನಲ್ಲಿ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದ ಅವರ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. 2024ರ ಡಿಸೆಂಬರಿನಲ್ಲಿ ಅವರೂ ಹೋದರು. ನಮ್ಮ ಅಜ್ಜಿಗೆ ಇಬ್ಬರ ಮೇಲೂ ಗೌರವ. ಆದರೆ ಪ್ರಶಸ್ತಿಯ ಮಾತು ಬಂದಾಗ ಅವಳು ಕೇಳಿದ್ದು, ಅದರ ಜೊತೆಗೆ ತಿಂಗಳು ತಿಂಗಳು ಏನಾದರೂ ಬರುತ್ತದೆಯೇ ಎಂದು.

ನಾನು ಅಲ್ಲಿದ್ದಾಗಲೇ ನೀರಿನ ಜಗಳವೂ ನಡೆಯಿತು. ನಾಲ್ಕು ಮನೆತನಗಳಲ್ಲಿ ಒಂದರ ಹುಡುಗ ಗೋವೆಯ ಕೆಲಸ ಬಿಟ್ಟು ಬಂದು, ತನ್ನ ಗದ್ದೆಗೆ ವಿದ್ಯುತ್ ಪಂಪು ಹಾಕಿದ್ದ. ಕಲ್ಲಂಗಡಿ ಮತ್ತು ಈರುಳ್ಳಿ ಬೆಳೆದು ಹೆದ್ದಾರಿಯ ಪಕ್ಕ ಮಾರುವುದು ಅವನ ಲೆಕ್ಕ. ಲೆಕ್ಕ ತಪ್ಪೇನಲ್ಲ, ಕುಮಟೆಯ ಕಡೆಯ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ರಸ್ತೆಯುದ್ದಕ್ಕೂ ತೂಗಹಾಕಿ ಮಾರುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ಕಂಡಿದ್ದಾರೆ, ಕೊಂಡಿದ್ದಾರೆ. ಪಂಪು ದಿನಕ್ಕೆ ನಾಲ್ಕು ತಾಸು ನಡೆಯಿತು. ಹದಿನೈದು ದಿನ ಕಳೆಯುವುದರೊಳಗೆ ಅಜ್ಜಿಯ ಹರಿವೆಯ ಎಲೆಯಂಚು ಸುಟ್ಟಂತೆ ಕಂದಿತು. ಅವಳು ಗುಂಡಿಯ ನೀರನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗುಳಿದಳು, ನನಗೂ ಕೊಟ್ಟಳು. ಉಪ್ಪು ಹತ್ತಿತ್ತು.

ಕಡಲಂಚಿನ ನೆಲದ ಸ್ವಭಾವವೇ ಹಾಗೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಮಳೆಯ ನೀರು ನೆಲದೊಳಗೆ ಕಡಲಿನ ನೀರಿನ ಮೇಲೆ ತೇಲಿ ನಿಂತಿರುತ್ತದೆ. ಮೇಲಿನ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 40 ಅಡಿಯವರೆಗೆ ಮೇಲೇರಬಲ್ಲದೆಂಬುದು ಭೂಜಲ ಶಾಸ್ತ್ರದ ಲೆಕ್ಕ. ಕೊಡದಲ್ಲಿ ಎತ್ತಿದ ನೀರನ್ನು ಗುಂಡಿ ರಾತ್ರಿಯೊಳಗೆ ತುಂಬಿಕೊಳ್ಳುತ್ತದೆ; ಪಂಪು ಅದಕ್ಕೆ ಬಿಡುವು ಕೊಡುವುದಿಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತ ಬಂದಾಗ ಒಡ್ಡಿನಾಚೆಯ ಹಳ್ಳವೂ ಒತ್ತುತ್ತದೆ. ಹಳ್ಳಕ್ಕೆ ಸಮೀಪವಿದ್ದವಳು ಅಜ್ಜಿಯಾದುದರಿಂದ ಮೊದಲ ಏಟು ಅವಳಿಗೆ. ವಿಚಿತ್ರವೆಂದರೆ, ಅಲ್ಲಿಂದ ಸ್ವಲ್ಪ ದೂರದ ಸಾಣಿಕಟ್ಟೆಯಲ್ಲಿ ಇದೇ ದಿನಗಳಲ್ಲಿ ಜನ ಇದೇ ಉಪ್ಪುನೀರನ್ನು ಕರೆದು ಕಟ್ಟೆಗಳಲ್ಲಿ ಒಣಗಿಸಿ ಹೊಟ್ಟೆ ಹೊರೆಯುತ್ತಾರೆ. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಸರ್ಕಾರವನ್ನು ಎದುರು ಹಾಕಿಕೊಂಡದ್ದೂ ಈ ಉಪ್ಪಿಗಾಗಿಯೇ.

ಒಂದು ಸಂಜೆ ಅಜ್ಜಿಯ ಅಂಗಳದಲ್ಲಿ ನಾಲ್ಕೂ ಮನೆಯವರು ಸೇರಿದರು. ಊರಗೌಡರನ್ನೂ ಕರೆದಿದ್ದರು. ಮಾವಿನ ಹೂವಿಗೆ ಮೋಡ ಕವಿದದ್ದು, ಮಗುವಿನ ಕೆಮ್ಮು, ಸಂತೆಯ ದರ ಎಂದು ಮಾತು ಬಹಳ ಹೊತ್ತು ಬೇರೆಲ್ಲೋ ಸುತ್ತಾಡಿತು. ಕೊನೆಗೆ ಅಜ್ಜಿಯೇ ಆರಂಭಿಸಿದಳು: "ತಮ್ಮಾ, ನಿನ್ನ ಅಪ್ಪನೂ ಇದೇ ಗದ್ದೆ ಮಾಡಿದ. ಅವನ ಕಾಲದಲ್ಲಿ ನನ್ನ ಗುಂಡಿಯ ನೀರನ್ನು ದನ ಕುಡಿಯುತ್ತಿತ್ತು. ಈಗ ಮೂಸಿ ನೋಡಿ ಹಿಂದೆ ಸರಿಯುತ್ತದೆ."

ಹುಡುಗ ತಲೆತಗ್ಗಿಸಿಯೇ ಉತ್ತರ ಕೊಟ್ಟ. "ಹೌದು ಅಜ್ಜೀ. ಆದರೆ ಅಪ್ಪ ಗದ್ದೆ ಮಾಡಿದ, ನೀರು ಹೊತ್ತವಳು ಅವ್ವಿ. ಅವಳ ಮೊಣಕಾಲು ಈಗ ಮಡಚುವುದಿಲ್ಲ. ಕೊಡ ಹೊರಲಿಕ್ಕೆ ನನ್ನ ಹೆಂಡತಿಗೂ ಹೇಳಲೋ?"

ಸಭೆ ಸುಮ್ಮನಾಯಿತು. ಅಜ್ಜಿಯ ಸೊಸೆ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿದವಳು ನಾನೊಬ್ಬಳೇ ಇರಬೇಕು. ಪಂಪು ಕೀಳಿಸಬೇಕೆಂದು ಬಂದವರಲ್ಲಿ ಅರ್ಧ ಜನ ಆ ಮಾತಿಗೆ ಸೋತರು. ನನ್ನ ಅಭಿಪ್ರಾಯ ಕೇಳುವ ಪ್ರಸಂಗ ಅಲ್ಲಿರಲಿಲ್ಲ. ಕೇಳಿದ್ದರೆ, ನೀರಿನ ವಿಷಯದಲ್ಲಿ ಅಜ್ಜಿಯ ಪಕ್ಷ, ಮೊಣಕಾಲಿನ ವಿಷಯದಲ್ಲಿ ಹುಡುಗನ ಪಕ್ಷ ಎಂದು ಹೇಳುತ್ತಿದ್ದೆ. ಇದೇನು ಈ ಅಂಗಳದ ಪ್ರಶ್ನೆಯಷ್ಟೇ ಅಲ್ಲ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತು ವರ್ಷಗಳಿಂದ ನಡೆದಿದೆ. ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡುವ ನಮ್ಮ ಬಯಲುಸೀಮೆಯವರಿಗೆ ಆ ನೀರು ಬೇಕೆನಿಸುವುದು ಸಹಜ. ಹೊಳೆಯ ಒತ್ತು ಕಡಿಮೆಯಾದರೆ ಕಡಲು ಒಳಗೆ ಬರುವುದೆಂಬ ಅಳಿವೆಯಂಚಿನವರ ಭಯವೂ ಅಷ್ಟೇ ಸಹಜ. ಅಜ್ಜಿಯ ಗುಂಡಿಯ ನೀರು ನಾಲಗೆಗೆ ಮುಟ್ಟಿದ ಮೇಲೆ ಆ ಭಯವನ್ನು ಕೇವಲ ಹಟವೆಂದು ತಳ್ಳಿಹಾಕಲು ನನಗೆ ಸಾಧ್ಯವಾಗುತ್ತಿಲ್ಲ.

ಊರಗೌಡರು ಒಂದು ದಾರಿ ಹೇಳಿದರು. ಹಳ್ಳದಿಂದ ಎಲ್ಲಕ್ಕಿಂತ ದೂರ, ಗುಡ್ಡದ ಬುಡದಲ್ಲಿ ನಾಲ್ಕನೆಯ ಮನೆಯವರದೊಂದು ಕಲ್ಲು ಕಟ್ಟಿದ ಬಾವಿಯಿದೆ. ಗುಡ್ಡದ ಒಸರು ಅದಕ್ಕೆ ಬರುತ್ತದೆ. ಪಂಪನ್ನು ಅಲ್ಲಿಗೆ ಸಾಗಿಸಿ, ನಾಲ್ಕೂ ಗದ್ದೆಗೆ ಕೊಳವೆ ಎಳೆಯುವುದು. ಬೆಳಗ್ಗೆ ಒಂದೇ ತಾಸು. ಕರೆಂಟಿನ ಬಿಲ್ಲು ನಾಲ್ಕು ಪಾಲು. ಗದ್ದೆಯ ಗುಂಡಿಗಳಿಗೆ ಕೊಡ ಮಾತ್ರ. ಬಾವಿಯ ಒಡೆಯ ಮುಂಬಯಿಯಲ್ಲಿದ್ದ. ಅಂಗಳದಿಂದಲೇ ಫೋನು ಹೋಯಿತು. ಅವನು ಹೋಳಿಗೆ ಊರಿಗೆ ಬಂದು ಮಾತಾಡುವೆನೆಂದ. ಅಷ್ಟು ದಿನ ಪಂಪಿಗೆ ರಜೆ. ಹುಡುಗನ ಕಲ್ಲಂಗಡಿಗೆ ಆ ವಾರ ನೀರು ಹೊತ್ತವರಲ್ಲಿ ಅಜ್ಜಿಯ ಸೊಸೆಯೂ ಇದ್ದಳು. ಅದಕ್ಕೆ ಪ್ರತಿಯಾಗಿ ಅವನು ತನ್ನ ರಿಕ್ಷಾದಲ್ಲಿ ಅವಳ ಹರಿವೆಯ ಬುಟ್ಟಿಗಳನ್ನು ಪೇಟೆಗೆ ಮುಟ್ಟಿಸಿದ.

ಹೋಳಿ ಬಂತು. ಅದರೊಂದಿಗೆ ಹಾಲಕ್ಕಿಗಳ ಸುಗ್ಗಿಯೂ ಬಂತು. ತಲೆಗೆ ಬಣ್ಣಬಣ್ಣದ ತುರಾಯಿ ಕಟ್ಟಿ, ಗುಮಟೆ ಬಾರಿಸುತ್ತ ಮನೆ ಮನೆಯ ಅಂಗಳದಲ್ಲಿ ಕುಣಿಯುವ ಮೇಳಗಳನ್ನು ನೋಡಲು ನಾನು ಮೊಮ್ಮಗುವನ್ನು ಎತ್ತಿಕೊಂಡು ನಿಂತೆ. ಪಂಪಿನ ಹುಡುಗನೂ ತುರಾಯಿ ಕಟ್ಟಿದ್ದ. ಭಾರವಾದ ಆ ಕಿರೀಟದ ಕೆಳಗೆ ಗುರುತು ಸಿಗಲು ತುಸು ಹೊತ್ತು ಬೇಕಾಯಿತು. ಆ ದಿನಗಳಲ್ಲಿ ಸುರಗಿಯ ಹೂವೂ ಬಿಟ್ಟಿತ್ತು. ನಸುಕಿನಲ್ಲಿಯೇ ಕೊಯ್ದು ದಂಡೆ ಕಟ್ಟುತ್ತಾರೆ. ಒಣಗಿದ ಮೇಲೂ ಅದರ ಪರಿಮಳ ಬಿಡುವುದಿಲ್ಲ. ಅಜ್ಜಿ ಕೊಟ್ಟ ದಂಡೆ ಧಾರವಾಡದ ನನ್ನ ಸೀರೆಯ ಪೆಟ್ಟಿಗೆಯಲ್ಲಿದೆ.

ಮುಂಬಯಿಯವನು ಬಂದ, ಬಾವಿ ಕೊಡಲು ಒಪ್ಪಿದ. ಕೊಳವೆಯ ಖರ್ಚಿನಲ್ಲಿ ತನ್ನ ಪಾಲು ಕಡಿಮೆಯಾಗಬೇಕೆಂದು ಮಾತ್ರ ಹಿಡಿದ; ಬಾವಿ ತನ್ನದಲ್ಲವೇ? ಅದರ ಚರ್ಚೆ ನಡೆದಿರುವಾಗಲೇ ನಾನು ಹೊರಡುವ ದಿನ ಬಂತು. ಚೈತ್ರದಲ್ಲಿ ಮಗಳು ಫೋನು ಮಾಡಿ ಹೇಳಿದ ಪ್ರಕಾರ ಕೊಳವೆ ಮೂರು ಗದ್ದೆಗಳನ್ನು ಮುಟ್ಟಿದೆ. ಅಜ್ಜಿಯ ಗದ್ದೆ ಕೊನೆಯದು, ಅಲ್ಲಿಗೆ ಇನ್ನೂ ಎರಡು ತುಂಡು ಬೇಕು. ಹರಿವೆಯ ಹೊಸ ಮಡಿಯಲ್ಲಿ ಎಲೆಯಂಚು ಕಂದಿಲ್ಲವಂತೆ. ಸೊಸೆ ಬೆಳಗ್ಗೆ ಮೂರನೆಯ ಗದ್ದೆಯ ಅಂಚಿನವರೆಗೆ ಹೋಗಿ, ಕೊಳವೆಯ ಬಾಯಿಗೆ ಕೊಡ ಹಿಡಿದು ತುಂಬಿಸಿಕೊಳ್ಳುತ್ತಾಳಂತೆ. ಮೆಟ್ಟಿಲಿಳಿಯುವ ಕೆಲಸ ತಪ್ಪಿದೆ.