ಹೈಫಾದಿಂದ ಡಮಾಸ್ಕಸ್ಸಿಗೆ ಒಂದು ಟಿಕೆಟ್

ಕಾರ್ಮೆಲ್ ಬೆಟ್ಟದ ಮೇಲೆ ನಿಂತರೆ ಹೈಫಾ ಪಟ್ಟಣ ಹಂತ ಹಂತವಾಗಿ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದುಹೋಗುತ್ತದೆ. ಕಾಲಡಿಯಲ್ಲಿ ಬಹಾಯಿ ಪಂಥದವರ ಚಿನ್ನದ ಗುಮ್ಮಟ, ಅದರ ಕೆಳಗೆ ಬಂದರಿನ ಕ್ರೇನುಗಳು, ಕೊಲ್ಲಿಯ ಆಚೆ ತುದಿಗೆ ಆಕ್ರೆಯ ಹಳೆಯ ಪಟ್ಟಣ. ಇನ್ನೂ ಉತ್ತರಕ್ಕೆ ಕಣ್ಣು ಹಾಯಿಸಿದರೆ ಕಡಲಿಗೆ ಚಾಚಿದ ಬಿಳಿ ಬಂಡೆ, ರೋಶ್ ಹನಿಕ್ರಾ. ಅದರ ಬೆನ್ನಿಗೇ ಲೆಬನಾನ್. 2023ರ ಮಾರ್ಚಿನ ಆ ಬೆಳಿಗ್ಗೆ ಮಳೆ ಹೊಯ್ದು ಗಾಳಿ ತಿಳಿಯಾಗಿತ್ತು. ಸಿರಿಯಾ ಗಡಿಯ ಹರ್ಮನ್ ಪರ್ವತದ ಹಿಮವೂ ಕಂಡಿತು. ಸುದ್ದಿಯಲ್ಲಿ ಮಾತ್ರ ಕೇಳುವ ದೇಶಗಳು ನಮ್ಮ ತಾರಸಿಯಿಂದ ಹಿಂದಿನ ಬೀದಿಯ ಮನೆಗಳು ಕಂಡಂತೆ ಕಾಣುತ್ತಿದ್ದವು. ಇಷ್ಟು ಚೂರು ನೆಲಕ್ಕೆ ಇಷ್ಟೊಂದು ಯುದ್ಧವೇ!

ಈ ಬೆಟ್ಟವನ್ನು ಮೈಸೂರಿನ ಸವಾರರು ಕುದುರೆಯ ಮೇಲೆ ಹತ್ತಿದ್ದರು. 1918ರ ಸೆಪ್ಟೆಂಬರ್ 23, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ. ಒಟ್ಟೋಮನ್ ಸೈನ್ಯದ ಫಿರಂಗಿಗಳು ಕಾರ್ಮೆಲ್ ಇಳಿಜಾರಿನಲ್ಲಿ ಹೊಂಚಿ ಕೂತಿದ್ದವು, ಕೆಳಗೆ ಕಿಶೋನ್ ನದಿಯ ಕೆಸರು. ಜೋಧಪುರ ಲ್ಯಾನ್ಸರ್ಸ್ ಬಯಲಿನಿಂದ ನುಗ್ಗಿದರೆ, ಮೈಸೂರು ಲ್ಯಾನ್ಸರ್ಸ್‌ನ ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಬಾಯಿ ಮುಚ್ಚಿಸಿತು. ಕೈಯಲ್ಲಿ ಈಟಿ, ಎದುರಿಗೆ ಮಷಿನ್‌ಗನ್ನು. ಸಂಜೆಯೊಳಗೆ ಊರು ಬ್ರಿಟಿಷರದಾಯಿತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಪ್ರತಿಮೆಗಳಾಗಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ನಮ್ಮ ಮೈಸೂರಿನವನು. ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರೂ ಸೇರಿತು. ಹೈಫಾದ ಭಾರತೀಯ ಸ್ಮಶಾನದಲ್ಲಿ ನಿಂತಾಗ ನನಗೆ ಹೆಮ್ಮೆಯೇನೋ ಆಯಿತು, ಆದರೆ ಅದು ಸಲೀಸಾದ ಹೆಮ್ಮೆಯಲ್ಲ. ಆ ಕದನಕ್ಕೆ ಹತ್ತು ತಿಂಗಳ ಹಿಂದಷ್ಟೇ ಬ್ರಿಟಿಷ್ ಮಂತ್ರಿ ಬಾಲ್ಫೋರ್ ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೊಂದು ರಾಷ್ಟ್ರೀಯ ನೆಲೆ ಮಾಡಿಕೊಡುವ ಭರವಸೆಗೆ ಸಹಿ ಹಾಕಿದ್ದ. ಬೆಟ್ಟ ಹತ್ತಿದ ಸವಾರರಿಗೆ ಆ ಕಾಗದದ ಸುದ್ದಿ ತಲುಪಿರಲಾರದು. ಅವರು ಗೆದ್ದುಕೊಟ್ಟ ಊರಿನ ಮೇಲೆ ಆ ಕಾಗದದ ಸಾಲು ನಡೆದುಬಂತು.

ಹೈಫಾ ನೋಡಬೇಕೆಂದರೆ ಮಂಡಿ ಗಟ್ಟಿಯಿರಬೇಕು. ಇಲ್ಲಿ ಬೀದಿಗಳಿಗಿಂತ ಮೆಟ್ಟಿಲುಗಳೇ ಜಾಸ್ತಿ. ಮೆಟ್ಟಿಲಿಳಿದು ವಾದಿ ಸಲೀಬ್ ಎಂಬ ಕಣಿವೆ ಸೇರಿದಾಗ ಕಾಲು ತಾನಾಗಿ ನಿಂತಿತು. ಕಲ್ಲಿನ ಕಮಾನುಗಳ ಚೆಲುವಾದ ಮನೆಗಳು. ಹಲವಕ್ಕೆ ಸೂರಿಲ್ಲ, ಬಾಗಿಲು ಕಿಟಕಿಗಳಿಗೆ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚಿದ್ದಾರೆ. ಕಮಾನಿನ ಸಂದಿಯಲ್ಲಿ ಅಂಜೂರದ ಗಿಡ ಬೆಳೆದಿದೆ. ಪಕ್ಕದಲ್ಲೇ ಗಾಜಿನ ಸರ್ಕಾರಿ ಕಟ್ಟಡ.

1948ರ ಆರಂಭದಲ್ಲಿ ಹೈಫಾದಲ್ಲಿ ಅರಬರು ಸುಮಾರು 70,000, ಯಹೂದಿಗಳೂ ಹೆಚ್ಚುಕಡಿಮೆ ಅಷ್ಟೇ. ಅದೇ ವರ್ಷದ ಏಪ್ರಿಲ್ 21, 22ರಂದು, ಬ್ರಿಟಿಷರು ಜಾಗ ಖಾಲಿ ಮಾಡುತ್ತಿದ್ದಂತೆ, ಯಹೂದಿ ಸೇನೆ ಹಗಾನಾ ಊರು ಹಿಡಿಯಿತು. ಮಾರುಕಟ್ಟೆಯ ಮೇಲೆ ಮಾರ್ಟರ್ ಬಿತ್ತು. ಜನ ಬಂದರಿಗೆ ಓಡಿದರು, ದೋಣಿ ಹತ್ತಿ ಆಕ್ರೆಗೆ, ಲೆಬನಾನಿಗೆ ಹೋದರು. ಊರಿನ ಯಹೂದಿ ಮೇಯರ್ ಶಬ್ತಾಯ್ ಲೆವಿ ಹೋಗಬೇಡಿ ಎಂದು ಬೇಡಿಕೊಂಡದ್ದೂ ಅದೇ ದಿನ. ಎರಡೂ ನಿಜ, ಒಂದನ್ನೇ ಹೇಳುವವರು ಎರಡೂ ಕಡೆ ಸಿಗುತ್ತಾರೆ. ಕೊನೆಗೆ ಉಳಿದ ಅರಬರು ಮೂರು ನಾಲ್ಕು ಸಾವಿರ. ಅವರಲ್ಲಿ ಹೆಚ್ಚಿನವರನ್ನು ವಾದಿ ನಿಸ್ನಾಸ್ ಎಂಬ ಇನ್ನೊಂದು ಕೇರಿಗೆ ತಂದು ತುಂಬಿದರು. ಹೋದವರ ಮನೆಗಳು ಹೊಸ ಇಸ್ರೇಲ್ ದೇಶದ 1950ರ ಕಾನೂನಿನಡಿ 'ಗೈರುಹಾಜರಾದವರ ಆಸ್ತಿ'ಯಾದವು. ವಾದಿ ಸಲೀಬಿಗೆ ಮೊರಾಕೊದಿಂದ ಬಂದ ಬಡ ಯಹೂದಿಗಳು ಬಂದು ಕೂತರು. ತಮ್ಮನ್ನು ಯುರೋಪಿನಿಂದ ಬಂದವರಂತೆ ಕಾಣುತ್ತಿಲ್ಲ ಎಂಬ ಸಿಟ್ಟು ಒಳಗೇ ಕುದಿದು, 1959ರಲ್ಲಿ ಅವರೂ ಬೀದಿಗಿಳಿದರು. ಆಮೇಲೆ ಅವರನ್ನೂ ಬೇರೆಡೆಗೆ ಸಾಗಿಸಿದರು. ಹೀಗೆ ಎರಡು ಸಲ ಖಾಲಿಯಾದ ಕೇರಿ ಇದು.

ವಾದಿ ನಿಸ್ನಾಸ್ ಮಾತ್ರ ಗಿಜಿಗುಡುತ್ತದೆ. ಫಲಾಫೆಲ್ ಕರಿಯುವ ಎಣ್ಣೆಯ ವಾಸನೆ, ಝಾತರ್ ಮಸಾಲೆಯ ಮೂಟೆಗಳು, ಅರಬಿ ಅಂಗಡಿಯಲ್ಲಿ ಹೀಬ್ರೂವಿನಲ್ಲಿ ಚೌಕಾಸಿ. ಎಮಿಲ್ ಹಬೀಬಿ ಈ ಊರಿನ ಲೇಖಕ. ಇಸ್ರೇಲ್ ಸಂಸತ್ತಿನಲ್ಲಿ ಕಮ್ಯುನಿಸ್ಟ್ ಸದಸ್ಯನಾಗಿದ್ದವನು. 1990ರಲ್ಲಿ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯ ಪ್ರಶಸ್ತಿಯನ್ನೂ 1992ರಲ್ಲಿ ಇಸ್ರೇಲ್ ಪ್ರಶಸ್ತಿಯನ್ನೂ ತೆಗೆದುಕೊಂಡು ಎರಡೂ ಕಡೆಯವರಿಂದ ಬೈಸಿಕೊಂಡ. ತಾನು ಹೈಫಾದಲ್ಲೇ ಉಳಿದವನು ಎಂದು ಗೋರಿಕಲ್ಲಿನ ಮೇಲೆ ಬರೆಸಿಕೊಂಡ. ಉಳಿಯುವುದೂ ಒಂದು ಸಾಧನೆಯಾಗಿದ್ದ ಕಾಲದ ಮನುಷ್ಯ.

ಇನ್ನು ಹಳಿಗಳ ವಿಷಯ. ಹೈಫಾದಲ್ಲಿ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಅವೇ. ಹಳೆಯ ಪೂರ್ವ ನಿಲ್ದಾಣದ ಮುಂದೆ ಒಟ್ಟೋಮನ್ ಸುಲ್ತಾನ ಅಬ್ದುಲ್ ಹಮೀದನ ಕಾಲದ ಅಮೃತಶಿಲೆಯ ಸ್ತಂಭವಿದೆ. ಇಲ್ಲಿಂದ 1905ರಲ್ಲಿ ಹೊರಟ ರೈಲು ಜೋರ್ಡಾನ್ ಕಣಿವೆಗೆ ಇಳಿದು, ಸಮುದ್ರಮಟ್ಟಕ್ಕಿಂತ 246 ಮೀಟರ್ ಕೆಳಗೆ ಹಾದು, ಯಾರ್ಮುಕ್ ನದಿಯ ಕಮರಿ ಹಿಡಿದು ಸಿರಿಯಾದ ದರಾ ಸೇರುತ್ತಿತ್ತು. ಭೂಮಿಯ ಮೇಲೆ ಅಷ್ಟು ಆಳಕ್ಕೆ ರೈಲು ಇಳಿದದ್ದು ಬೇರೆಲ್ಲೂ ಇಲ್ಲ. ದರಾದಿಂದ ಉತ್ತರಕ್ಕೆ ಡಮಾಸ್ಕಸ್. ದಕ್ಷಿಣಕ್ಕೆ ಹೋದರೆ, 1908ರಿಂದ, ಮದೀನಾ! ಬ್ರಿಟಿಷರು ಬಂದ ಮೇಲೆ ಗಾಜಾ ನಿಲ್ದಾಣದ ಮೂಲಕ ಈಜಿಪ್ಟಿನ ಹಳಿ ಬಂದು ಕೂಡಿತು. 1942ರಲ್ಲಿ ಸೈನ್ಯಕ್ಕಾಗಿ ರೋಶ್ ಹನಿಕ್ರಾದ ಬಂಡೆ ಕೊರೆದು ಬೈರೂತಿಗೂ ಹಳಿ ಹಾಕಿದರು. ಇರಾಕಿನ ಕಿರ್ಕುಕ್‌ನಿಂದ ಎಣ್ಣೆಯ ಕೊಳವೆ ಮೊದಲೇ ಬಂದಿತ್ತು. ಪಶ್ಚಿಮ ಏಷ್ಯಾಕ್ಕೆಲ್ಲ ಹೈಫಾ ತಲೆಬಾಗಿಲಾಗಬೇಕಿತ್ತು.

1946ರ ಜೂನಿನ ಒಂದೇ ರಾತ್ರಿ ಬ್ರಿಟಿಷರ ವಿರುದ್ಧ ಯಹೂದಿ ಹೋರಾಟಗಾರರು ಗಡಿಯ ಸೇತುವೆಗಳನ್ನು ಉಡಾಯಿಸಿದಾಗ ಡಮಾಸ್ಕಸ್ ದಾರಿ ಕಡಿಯಿತು. 1948ರಲ್ಲಿ ಬೈರೂತ್ ದಾರಿ, ಕೈರೋ ದಾರಿ. ಇರಾಕ್ ಎಣ್ಣೆ ನಿಲ್ಲಿಸಿತು. ಈಗ ರೋಶ್ ಹನಿಕ್ರಾದ ಸುರಂಗಕ್ಕೆ ಪ್ರವಾಸಿಗರು ಕೇಬಲ್ ಕಾರಿನಲ್ಲಿ ಇಳಿಯುತ್ತಾರೆ, ಒಂದು ಗೋಡೆ ಬಂದಾಗ ವಾಪಸು ಹೊರಡುತ್ತಾರೆ. ಪೂರ್ವಕ್ಕೆ 2016ರಲ್ಲಿ ಮತ್ತೆ ರೈಲು ಬಿಟ್ಟರು. ಅದು ಜೋರ್ಡಾನಿನ ಈಚೆಗೆ, ಬೇತ್ ಶೆಆನ್‌ನಲ್ಲಿ ನಿಲ್ಲುತ್ತದೆ.

ಸಂಜೆ ಬೆಟ್ಟದ ಮೇಲಿನ ಉದ್ದನೆಯ ಕಾಲುದಾರಿಯಲ್ಲಿ ಗಾಲಿಕುರ್ಚಿ ದೂಡುತ್ತಿದ್ದ ಹೆಂಗಸೊಬ್ಬರು ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ನಿಂತರು. "ನಿಮ್ಗೆ ಊರಲ್ಲಿ ಎಲ್ಲಿ ಆಯ್ತು ಮಾರಾಯ್ರೆ?" ಉಡುಪಿ ಕಡೆಯವರು. ಕರಾವಳಿಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ಮುದುಕರ ಆರೈಕೆ ಮಾಡುತ್ತಾರೆ. ಕುರ್ಚಿಯಲ್ಲಿದ್ದ ಅಜ್ಜಿ ರುಮೇನಿಯಾದಿಂದ ಹುಡುಗಿಯಾಗಿ ಬಂದವರಂತೆ. ಇಬ್ಬರೂ ಹೀಬ್ರೂವಿನಲ್ಲಿ ಏನೋ ಹೇಳಿಕೊಂಡು ನಕ್ಕರು. 1991ರ ಇರಾಕಿನ ಸ್ಕಡ್ ಕ್ಷಿಪಣಿ, 2006ರ ಲೆಬನಾನಿನ ಹಿಜ್ಬುಲ್ಲಾ ರಾಕೆಟ್, ಎರಡನ್ನೂ ಅಜ್ಜಿ ನೋಡಿದ್ದಾರೆ. "ಸೈರನ್ ಆದ್ರೆ ಒಂದು ನಿಮಿಷ ಉಂಟು. ಅಷ್ಟರಲ್ಲಿ ಇವರನ್ನು ಮಮಾದಿಗೆ ದೂಡ್ಬೇಕು" ಎಂದರು ಆಕೆ. ಮಮಾದ್ ಎಂದರೆ ಮನೆಯೊಳಗಿನ ಕಾಂಕ್ರೀಟಿನ ರಕ್ಷಣಾ ಕೋಣೆ. ನಮ್ಮಲ್ಲಿ ದೇವರಮನೆ ಕೇಳುವಂತೆ ಇಲ್ಲಿ ಬಾಡಿಗೆಗೆ ಬರುವವರು ಅದಿದೆಯೇ ಎಂದು ಮೊದಲು ಕೇಳುತ್ತಾರೆ.

ರಾಕೆಟ್ಟಿನ ಹೆಸರಿನಲ್ಲೂ ಹೈಫಾದ ನಂಟಿದೆ. ಗಾಜಾದ ಹಮಾಸ್ ಸಂಘಟನೆ ತನ್ನ ಸಶಸ್ತ್ರ ದಳಕ್ಕೂ ರಾಕೆಟ್ಟಿಗೂ ಇಟ್ಟುಕೊಂಡ ಹೆಸರು ಅಲ್ ಖಸ್ಸಾಂ ಎಂಬವನದು. ಆತ ಇದೇ ಊರಿನ ಇಸ್ತಿಕ್ಲಾಲ್ ಮಸೀದಿಯಲ್ಲಿ ಬಂದರಿನ ಕೂಲಿಗಳಿಗೆ ಪ್ರವಚನ ಕೊಡುತ್ತಿದ್ದ ಇಮಾಮ್. 1935ರಲ್ಲಿ ಬ್ರಿಟಿಷರ ಗುಂಡಿಗೆ ಸತ್ತವನು. ಅವನ ಗೋರಿ ಹೈಫಾದ ಅಂಚಿನಲ್ಲೇ ಇದೆ.

2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ20 ಸಭೆಯ ವೇಳೆ ಹೊಸ ವ್ಯಾಪಾರ ದಾರಿಯ ನಕಾಶೆ ಬಿಡಿಸಿದರು: ಮುಂಬಯಿ ಕಡೆಯಿಂದ ಕೊಲ್ಲಿಗೆ ಹಡಗು, ಸೌದಿ, ಜೋರ್ಡಾನ್ ದಾಟಿ ಹೈಫಾಕ್ಕೆ ರೈಲು. ಬಂದರು ಆ ಹೊತ್ತಿಗೆ ಅದಾನಿ ಸಮೂಹದ ಕೈಗೆ ಬಂದಿತ್ತು. ತಿಂಗಳು ತುಂಬುವ ಮೊದಲೇ ಅಕ್ಟೋಬರ್ 7, ಹಮಾಸ್ ದಾಳಿ. ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು 2025ರಲ್ಲಿ 60,000 ದಾಟಿದರು ಎಂದಿತು ಅಲ್ಲಿನ ಆರೋಗ್ಯ ಇಲಾಖೆ. ಒಂದು ಕಾಲಕ್ಕೆ ಹೈಫಾದ ರೈಲು ನಿಲ್ಲುತ್ತಿದ್ದ ಗಾಜಾ.

2025ರ ಜೂನಿನಲ್ಲಿ ಇರಾನಿನ ಕ್ಷಿಪಣಿ ಹೈಫಾದ ಎಣ್ಣೆ ಶುದ್ಧೀಕರಣ ಘಟಕಕ್ಕೆ ಬಡಿದು ಮೂವರು ಕೆಲಸಗಾರರು ಸತ್ತರು. ವಿಮಾನಗಳಿರಲಿಲ್ಲ. ಭಾರತ ಸರ್ಕಾರ ತನ್ನವರನ್ನು ಬಸ್ಸಿನಲ್ಲಿ ಜೋರ್ಡಾನಿಗೆ ದಾಟಿಸಿ ಅಮ್ಮಾನಿನಿಂದ ಕರೆತರುತ್ತಿತ್ತು. ಹೋಗುತ್ತೀರಾ ಎಂದು ಉಡುಪಿಯ ಆಕೆಗೆ ವಾಟ್ಸಾಪ್ ಮಾಡಿದೆ. ಉತ್ತರ ಮರುದಿನ ಬಂತು: "ಹೋದ್ರೆ ವಾಪಸ್ ಬರ್ಲಿಕ್ಕೆ ಬಿಡ್ತಾರಾ ಇಲ್ವಾ ಗೊತ್ತಿಲ್ಲ. ಮತ್ತೆ ಅಜ್ಜಿಗೆ ಬೇರೆಯವರು ಮಾಡಿದ ಸೂಪ್ ಆಗುದಿಲ್ಲ."